ಸ್ಯಾಂಪಲ್ ಡ್ರಾಯರ್ ಖಾಲಿ ಮಾಡಿದ ಮೇಲೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಪಿ.ಜೆ. ಬಡಾವಣೆಯ ದೊಡ್ಡ ಆಸ್ಪತ್ರೆಗಳ ಸಾಲಿನಲ್ಲಲ್ಲ, ಅಡ್ಡರಸ್ತೆಯಲ್ಲಿ. ಮಧ್ಯಾಹ್ನ ರೋಗಿಗಳು ಕರಗುತ್ತಿದ್ದಂತೆ ಬ್ಯಾಗ್ ಹಿಡಿದ ರೆಪ್‌ಗಳು, ಅಂದರೆ ಔಷಧ ಕಂಪನಿಗಳ ಮಾರಾಟ ಪ್ರತಿನಿಧಿಗಳು, ಬರುತ್ತಿದ್ದರು. ಪೆನ್ನು, ಕ್ಯಾಲೆಂಡರ್, ಗೋಡೆ ಗಡಿಯಾರ, ಎಲ್ಲದರ ಮೇಲೂ ಯಾವುದಾದರೊಂದು ಮಾತ್ರೆಯ ಹೆಸರು. ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ತಗೋಬಾರದು ಅಂತ ವೈದ್ಯಕೀಯ ಪರಿಷತ್ತು 2009ರಲ್ಲೇ ನಿಯಮ ಮಾಡಿತ್ತು. ನಾನೇನು ಬ್ಯಾಂಕಾಕ್‌ಗೆ ಹೋಗಿಲ್ಲವಲ್ಲ, ಪೆನ್ನಿಗೇನು ಅಂತ ಆರಾಮಾಗಿದ್ದೆ.

ನನ್ನನ್ನು ಎಚ್ಚರಿಸಿದ್ದು ಪೆನ್ನಲ್ಲ, ರೆಪ್‌ಗಳು ಪುಕ್ಕಟೆ ಕೊಟ್ಟು ಹೋಗುವ ಸ್ಯಾಂಪಲ್ ಮಾತ್ರೆ.

2018ರಲ್ಲಿ ಜಗಳೂರು ಕಡೆಯ ರೈತರೊಬ್ಬರು ಬಂದರು. ಸಕ್ಕರೆ ಕಾಯಿಲೆ, ಕೈಯಲ್ಲಿ ದುಡ್ಡಿಲ್ಲ. ಡ್ರಾಯರ್‌ನಲ್ಲಿದ್ದ ವಿಲ್ಡಾಗ್ಲಿಪ್ಟಿನ್ ಅನ್ನೋ ಮಾತ್ರೆಯ ಸ್ಯಾಂಪಲ್‌ಗಳನ್ನು ಕೊಟ್ಟೆ. ಪುಣ್ಯದ ಕೆಲಸ ಅಂದುಕೊಂಡೆ. ಆಗ ಅದರ ಪೇಟೆಂಟ್ ಮುಗಿದಿರಲಿಲ್ಲ, ಬೆಲೆ ಜಾಸ್ತಿ. ಎರಡು ತಿಂಗಳಿಗೆ ನನ್ನ ಸ್ಯಾಂಪಲ್ ಖಾಲಿ. ಚೀಟಿ ಬರೆದುಕೊಟ್ಟೆ. ಆಮೇಲೆ ಅವರು ಬಂದಿದ್ದು ಐದು ತಿಂಗಳ ನಂತರ, ಕಾಲಿನಲ್ಲಿ ಮಾಗದ ಗಾಯ ಇಟ್ಟುಕೊಂಡು. "ನೀವು ಕೊಡೋತನಕ ತಿಂದೆ ಸಾರ್. ಅಂಗಡೀಲಿ ರೇಟು ಕೇಳಿ ವಾಪಸ್ ಬಂದೆ" ಅಂದರು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಅಗ್ಗದ ಹಳೆಯ ಮಾತ್ರೆಯಿಂದ ಶುರು ಮಾಡಬಹುದಿತ್ತು. ಆದರೆ ಡ್ರಾಯರ್‌ನಲ್ಲಿ ಅವು ಇರಲಿಲ್ಲ. ಯಾಕಿರುತ್ತವೆ? ಅಗ್ಗದ ಮಾತ್ರೆಗೆ ಯಾರೂ ಸ್ಯಾಂಪಲ್ ಹಂಚುವುದಿಲ್ಲ.

ಅದೇ ವಾರ ಒಬ್ಬ ರೆಪ್, "ಸಾರ್, ಹೋದ ತಿಂಗಳು ನಮ್ಮದು ಯಾಕೋ ಕಡಿಮೆ ಆಗಿದೆ" ಅಂದ. ಇವನಿಗೆ ಹೇಗೆ ಗೊತ್ತು? ಪಕ್ಕದ ಮೆಡಿಕಲ್ ಶಾಪ್‌ನವರನ್ನು ಕೇಳಿದೆ. ನಕ್ಕರು. ರೆಪ್‌ಗಳು ಅಂಗಡಿಯಲ್ಲಿ ನಿಂತು, ಯಾವ ಡಾಕ್ಟರ್ ಯಾವ ಬ್ರ್ಯಾಂಡ್ ಎಷ್ಟು ಬರೆದರು ಅಂತ ವಿಚಾರಿಸಿಕೊಂಡು ಹೋಗುತ್ತಾರಂತೆ. ಅದೂ ಅವರ ಡ್ಯೂಟಿಯೇ. ನಾನು ರೋಗಿಗೆ ಬರೆದ ಚೀಟಿ ಅವರ ಟಾರ್ಗೆಟ್‌ನ ಲೆಕ್ಕವೂ ಆಗಿತ್ತು.

ಡ್ರಾಯರ್ ಖಾಲಿ ಮಾಡಿದೆ. ರೆಪ್‌ಗಳಿಗೆ ಬುಧವಾರ ಎರಡರಿಂದ ಎರಡೂವರೆ ಅಂತ ಬೋರ್ಡ್ ಹಾಕಿದೆ. ಕೇಳುವುದು ಎರಡೇ ಪ್ರಶ್ನೆ: ಹಳೆಯ ಮಾತ್ರೆಗಿಂತ ಇದರಿಂದ ರೋಗಿಗೆ ಏನು ಜಾಸ್ತಿ ಸಿಗುತ್ತೆ, ತಿಂಗಳಿಗೆ ಎಷ್ಟು ಖರ್ಚು? ಮೊದಲನೆಯದಕ್ಕೆ ಬಣ್ಣದ ಚಾರ್ಟ್ ತೋರಿಸುತ್ತಾರೆ. ಎರಡನೆಯದಕ್ಕೆ ಬ್ಯಾಗಿನಲ್ಲಿ ರೇಟ್ ಲಿಸ್ಟ್ ಹುಡುಕುತ್ತಾರೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳ ಕೊನೆಯಲ್ಲಿ ಅವರ ಮುಖ ನೋಡಿದರೆ ಸಾಕು.

ಆಮೇಲೆ ಒಂದು ಉದ್ದನೆ ನೋಟ್‌ಬುಕ್. ನಾನು ಪದೇ ಪದೇ ಬರೆಯುವ ಮಾತ್ರೆಗಳು ಲೆಕ್ಕ ಹಾಕಿದರೆ ನಲವತ್ತು ದಾಟಲಿಲ್ಲ! ಪ್ರತಿಯೊಂದರ ಎದುರು ಮೂರ್ನಾಲ್ಕು ಬ್ರ್ಯಾಂಡ್‌ಗಳ ಬೆಲೆ, ಜನೌಷಧಿ ಕೇಂದ್ರದ ಬೆಲೆ. ಬಿಪಿಯ ಒಂದೇ ಟೆಲ್ಮಿಸಾರ್ಟಾನ್ ಒಂದು ಕಡೆಗೂ ಇನ್ನೊಂದು ಕಡೆಗೂ ನಾಲ್ಕೈದು ಪಟ್ಟು ವ್ಯತ್ಯಾಸ. ಇಷ್ಟು ವರ್ಷ ಬೆಲೆ ಗೊತ್ತಿಲ್ಲದೇ ಬರೆದಿದ್ದೆ ಅನ್ನೋದು ನಾಚಿಕೆಯ ವಿಷಯ.

ಬ್ರ್ಯಾಂಡ್ ಬಿಟ್ಟು ಜೆನೆರಿಕ್ ಹೆಸರು, ಅಂದರೆ ಔಷಧದ ಮೂಲ ಹೆಸರಷ್ಟೇ ಬರೆದರೆ ಮುಗೀತಲ್ಲ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಾನು ಬ್ರ್ಯಾಂಡ್ ಬರೆಯದಿದ್ದರೆ ಆಯ್ಕೆ ಮೆಡಿಕಲ್ ಶಾಪ್‌ನ ಕೌಂಟರ್‌ಗೆ ಹೋಗುತ್ತೆ. ಅಲ್ಲಿ ಮಾರ್ಜಿನ್ ಜಾಸ್ತಿ ಇರುವ ಸ್ಟ್ರಿಪ್ ಮೊದಲು ಕೈಗೆ ಸಿಗುತ್ತೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಜೆನೆರಿಕ್ ಹೆಸರು ಕಡ್ಡಾಯ ಅಂದಿತು, ಅದೇ ತಿಂಗಳು ಆ ನಿಯಮಗಳನ್ನು ತಡೆಹಿಡಿಯಿತು. ಹಾಗಾಗಿ ನಾನು ಜೆನೆರಿಕ್ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ನೋಟ್‌ಬುಕ್ ನೋಡಿ ಒಂದು ಬ್ರ್ಯಾಂಡ್ ಬರೆಯುತ್ತೇನೆ. ಅಂಗಡಿಯವರು ಯಾವುದು ಕೊಟ್ಟರು ನೋಡೋಣ, ಮುಂದಿನ ಸಲ ಖಾಲಿ ಸ್ಟ್ರಿಪ್ ತನ್ನಿ ಅಂತ ಹೇಳುತ್ತೇನೆ. ಹೆಂಗಸರು ಮರೆಯದೇ ಸೆರಗಿನ ಗಂಟಿನಲ್ಲಿ ತರುತ್ತಾರೆ. ಗಂಡಸರದು ಯಾವಾಗಲೂ ಮನೆಯಲ್ಲೇ.

ಒಂದು ಕಡೆ ಮಾತ್ರ ನಾನಿನ್ನೂ ಸೋಲುತ್ತಿದ್ದೇನೆ. ಸಂಜೆ ಹೋಟೆಲ್‌ಗಳಲ್ಲಿ ವೈದ್ಯರಿಗೆ ಅಂತ ಉಪನ್ಯಾಸಗಳು ಇರುತ್ತವೆ. ಒಳ್ಳೆಯ ವಿಷಯ, ಹಳೆಯ ಗೆಳೆಯರು ಸಿಗುತ್ತಾರೆ. ನೋಂದಣಿ ಶುಲ್ಕ ನಾನೇ ಕಟ್ಟುತ್ತೇನೆ. ಊಟ ಕಂಪನಿಯದು. ಉಪನ್ಯಾಸ ಮುಗಿದ ತಕ್ಷಣ ಎದ್ದು ಹೋಗೋಣ ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಗೆಳೆಯರು ತಟ್ಟೆ ಕೈಗಿಡುತ್ತಾರೆ.