ಮೊದಲ ಅಸೈನ್‌ಮೆಂಟನ್ನು ನಾನು ನಡುವಿನಿಂದ ಬರೆದೆ

ಎಫ್‌ವೈಬಿಎಯಲ್ಲಿ, ಅಂದರೆ ಬಿಎ ಮೊದಲ ವರ್ಷದಲ್ಲಿ, ಸಮಾಜಶಾಸ್ತ್ರಕ್ಕೆ ನಮಗೆ ಸಿಕ್ಕ ಮೊದಲ ಅಸೈನ್‌ಮೆಂಟ್ ‘ಮುಂಬೈ ಮತ್ತು ವಲಸೆ’. 1500 ಪದ, ಇಂಗ್ಲಿಷಿನಲ್ಲಿ. ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹೊಸದಾಗಿ ಕಾಲೇಜು ಸೇರಿದವರು ‘ಅಕ್ಕ, ಶುರು ಹೇಗೆ ಮಾಡೋದು?’ ಅಂತ ಕೇಳುತ್ತಾರೆ. ನಾನು ಮಾಡಿದ್ದನ್ನು ಹಾಗೇ ಹೇಳುತ್ತೇನೆ.

ಮೊದಲು ವಿಷಯವನ್ನು ಚಿಕ್ಕದು ಮಾಡಿದೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಹಿಡಿಯಬೇಕಾದದ್ದೂ ಇದೇ. ಮುಂಬೈ ವಲಸೆ ಅಂದರೆ ಗಿರಣಿ ಕೆಲಸಕ್ಕೆ ಬಂದ ರತ್ನಾಗಿರಿಯವರು, 1947ರ ನಂತರ ಬಂದ ಸಿಂಧಿಗಳು, ಉತ್ತರ ಪ್ರದೇಶದ ಟ್ಯಾಕ್ಸಿಯವರು, ನಮ್ಮ ಹೋಟೆಲಿನವರು ಎಲ್ಲರೂ ಬರುತ್ತಾರೆ. ಇಷ್ಟನ್ನೂ 1500 ಪದಕ್ಕೆ ತುರುಕಿದರೆ ಯಾರ ವಿಷಯವೂ ಸರಿಯಾಗಿ ಬರುವುದಿಲ್ಲ. ಹಾಗಾಗಿ ಒಂದು ಪ್ರಶ್ನೆ ಹುಡುಕಿದೆ: ಕೊಂಕಣ ರೈಲು ಬಂದ ಮೇಲೆ ಮುಂಬೈಯಲ್ಲಿರುವ ಕುಂದಾಪುರ ಕಡೆಯ ಮನೆಗಳಲ್ಲಿ ಏನು ಬದಲಾಯಿತು?

ಪ್ರಶ್ನೆ ಸರಿಯಿದೆಯೇ ಎಂದು ನೋಡಲು ನನ್ನದೊಂದು ದಾರಿಯಿದೆ. ಓದು ಬರಹದ ಗೊಡವೆಯಿಲ್ಲದವರನ್ನು ಕೇಳಬೇಕು. ಅವರು ತಕ್ಷಣ ಮಾತು ಶುರು ಮಾಡಿದರೆ ಪ್ರಶ್ನೆ ಗಟ್ಟಿಯಿದೆ ಎಂದರ್ಥ. ದೊಡ್ಡಪ್ಪ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂತವರು. ಕೇಳಿದ್ದೇ ತಡ, ‘ಎಂತ, ಬಸ್ಸಿನ ಕಾಲದ್ದು ಹೇಳ್ಬೇಕಾ?’ ಎಂದು ಸುರು ಮಾಡಿದರು. ಘಾಟಿಯ ತಿರುವು, ರಾತ್ರಿಯಿಡೀ ಕೂತು ಮರುದಿನವೂ ಮುಗಿಯದ ಪ್ರಯಾಣ. ವರ್ಷಕ್ಕೊಮ್ಮೆ ಊರಿಗೆ ಹೋದರೆ ದೊಡ್ಡದು. ತಂದೆ ತೀರಿಕೊಂಡ ದಿನ ತಲುಪಲು ಆಗಲಿಲ್ಲ ಎಂದೂ ಹೇಳಿದರು. ಅವರ ಒಪ್ಪಿಗೆ ಕೇಳಿಯೇ ಬರೆದುಕೊಂಡೆ, ದಿನಾಂಕ ಹಾಕಿದೆ. ಮನೆಯವರಾದರೂ ಒಪ್ಪಿಗೆ ಕೇಳಬೇಕು, ಅಲ್ವಾ?

ಆ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯತೊಡಗಿದೆ. ನಡುನಡುವೆ ಹಿಂದಿ, ಮರಾಠಿ ಎಲ್ಲ ಬಂತು. ಇಂಗ್ಲಿಷಿನಲ್ಲೇ ಯೋಚಿಸು ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಏನು ಹೇಳಬೇಕು ಎನ್ನುವುದು ಮೊದಲು ತಿಳಿಯಬೇಕು. ಅದು ಯಾವ ಭಾಷೆಯಲ್ಲಿ ಬೇಗ ತಿಳಿಯುತ್ತದೋ ಅದರಲ್ಲೇ ಬರೆಯಬೇಕು.

ಪೀಠಿಕೆಗೆ ಕೈ ಹಾಕಲಿಲ್ಲ. ನನಗೆ ಚೆನ್ನಾಗಿ ಗೊತ್ತಿದ್ದ ತುಣುಕು ಯಾವುದೋ ಅದನ್ನೇ ಮೊದಲು ಬರೆದೆ, ಅಂದರೆ ದೊಡ್ಡಪ್ಪನ ಬಸ್ಸಿನ ಕಾಲ. ಆ ಪ್ಯಾರಾ ಮುಗಿದಾಗ ಮುಂದಿನದಕ್ಕೆ ಏನು ಬೇಕು ಎಂದು ಅದೇ ಹೇಳಿತು: ರೈಲು ಯಾವಾಗ ಬಂತು, ಎಲ್ಲಿಂದ ಎಲ್ಲಿಗೆ? ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ದಾರಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಈಗ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಊರ ಕಡೆ ಇರುತ್ತೇವೆ. ಹೀಗೆ ಬೇಕಾದ ಸಂಗತಿಯನ್ನು ಮಾತ್ರ ಹುಡುಕಿದೆ. ಮೊದಲೇ ರಾಶಿ ಪುಸ್ತಕ ತಂದಿಟ್ಟುಕೊಂಡರೆ ಓದುವುದೇ ಕೆಲಸವಾಗುತ್ತದೆ, ಬರೆಯುವುದು ಹಿಂದೆ ಬೀಳುತ್ತದೆ.

ಅಂಕಿಅಂಶಕ್ಕೆ ಜನಗಣತಿ ನೋಡಿದೆ. ಅದರ ಡಿ ಸರಣಿಯ ಕೋಷ್ಟಕಗಳು ವಲಸೆಯವು. ಯಾವ ರಾಜ್ಯದಿಂದ ಬಂದವರು, ಬಂದು ಎಷ್ಟು ವರ್ಷವಾಯಿತು, ಕೆಲಸಕ್ಕೋ ಮದುವೆಯಾಗಿಯೋ ಮನೆಯವರ ಜೊತೆಯೋ ಎಂಬುದೆಲ್ಲ ಅಲ್ಲಿದೆ. ಕರ್ನಾಟಕದ ಸಾಲನ್ನಷ್ಟೇ ಬರೆದುಕೊಂಡೆ. ಏನನ್ನು ಬರೆದುಕೊಂಡರೂ ಪುಟದ ಸಂಖ್ಯೆ ಆಗಲೇ ಹಾಕಿಡಿ, ಆಮೇಲೆ ಹುಡುಕುವುದು ದೊಡ್ಡ ಕಷ್ಟ. ಪುಸ್ತಕದ ಮಾತನ್ನು ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಎದುರಿಗೆ ತೆರೆದಿಟ್ಟುಕೊಂಡರೆ ನಕಲು ತಾನಾಗಿ ಬರುತ್ತದೆ. ಫೋನಿನಿಂದ ರೆಡಿ ಉತ್ತರ ಇಳಿಸಿಕೊಳ್ಳುವುದನ್ನಂತೂ ನಾನು ಖಂಡಿತ ಬೇಡ ಎನ್ನುತ್ತೇನೆ. ನಿಮ್ಮ ದೊಡ್ಡಪ್ಪನ ಮಾತು ಅದಕ್ಕೆ ಗೊತ್ತಿರುವುದಿಲ್ಲ.

ಇನ್ನೂ ಎರಡು ಮನೆಗಳಲ್ಲಿ ಕೇಳಿದ ಮೇಲೆ ನನ್ನ ಉತ್ತರ ಸಿಕ್ಕಿತು: ಈ ಮನೆಗಳಲ್ಲಿ ರೈಲಿನಿಂದ ಬದಲಾದದ್ದು ಮುಂಬೈಗೆ ಬರುವುದಲ್ಲ, ಊರಿಗೆ ಹೋಗಿಬರುವುದು. ಮೂರು ಮನೆಗಳ ಮಾತನ್ನು ಇಡೀ ಸಮುದಾಯದ ಮಾತು ಎನ್ನಲಿಲ್ಲ. ಮೂರು ಮನೆ ಎಂದೇ ಬರೆದೆ.

ಆಮೇಲೆ ಎಲ್ಲವನ್ನೂ ಇಂಗ್ಲಿಷಿಗೆ ತಂದೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ. ಕರಡನ್ನು ಮೇಡಂ ಹತ್ತಿರ ಒಯ್ದೆ. ‘ಹೇಗಿದೆ?’ ಎಂದು ಸುಮ್ನೆ ಕೇಳಿದರೆ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ‘ಜನಗಣತಿಯ ಭಾಗ ದೊಡ್ಡಪ್ಪನ ಮಾತಿಗಿಂತ ಮೊದಲು ಬರಬೇಕಾ, ಆಮೇಲಾ?’ ಎಂದು ಕೇಳಿದೆ. ಅವರು ಪೆನ್ಸಿಲ್ ಹಿಡಿದು ಓದಿ, ಆಮೇಲೆ ಬರಲಿ ಎಂದರು, ಕಾರಣವನ್ನೂ ಹೇಳಿದರು. ಪೀಠಿಕೆ ಬರೆದದ್ದು ಅದಾದ ಮೇಲೆ. ಏನಿದೆ ಎಂದು ಅಷ್ಟರಲ್ಲಿ ಪೂರ್ತಿ ಗೊತ್ತಿದ್ದರಿಂದ ಲೋಕಲ್ ಟ್ರೇನಿನಲ್ಲಿ ದಾದರ್ ಬರುವಷ್ಟರಲ್ಲಿ ಅದು ಮುಗಿದಿತ್ತು.