ಸಿಯಾಟಲ್‌ನಲ್ಲಿ ಇಂಟರ್ನೆಟ್ ಇಲ್ಲದ ಮನೆಗಳಿಗಾಗಿ ನಾವು ಮಾಡಿದ ಕೆಲಸ: ನನ್ನ ಅನುಭವ

ಸಿಯಾಟಲ್ ಅಂದರೆ ಅಮೆಜಾನ್ ಇರುವ ಊರು, ಸರೋವರ ದಾಟಿದರೆ ಮೈಕ್ರೋಸಾಫ್ಟ್. ಇಂಥ ಊರಲ್ಲಿ ಮನೆಗೆ ಇಂಟರ್ನೆಟ್ ಇಲ್ಲದವರಿದ್ದಾರೆ ಅಂದರೆ ಮೈಸೂರಿನಲ್ಲಿರುವ ನನ್ನ ಅಣ್ಣ ಈಗಲೂ ನಂಬುವುದಿಲ್ಲ. 2018ರಲ್ಲಿ ಇಲ್ಲಿನ ಸಿಟಿಯವರೇ ಮಾಡಿಸಿದ ಸಮೀಕ್ಷೆಯ ಪ್ರಕಾರ 95% ಮನೆಗಳಲ್ಲಿ ಇಂಟರ್ನೆಟ್ ಇತ್ತು. ಒಳ್ಳೆಯ ಸಂಖ್ಯೆಯೇ. ಆದರೆ ಉಳಿದ 5% ಯಾರು ಅಂತ ನೋಡಬೇಕಲ್ವಾ? ಅವರಲ್ಲಿ ಹೆಚ್ಚಿನವರು ಕಡಿಮೆ ಆದಾಯದವರು, ವಯಸ್ಸಾದವರು, ಅಂಗವಿಕಲರು, ಬೇರೆ ದೇಶದಿಂದ ಬಂದು ಇಂಗ್ಲಿಷ್ ಇನ್ನೂ ಸರಿಯಾಗಿ ಬಾರದವರು. ಸರ್ಕಾರದ ಸೇವೆ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರೇ.

2020ರಲ್ಲಿ ಕೋವಿಡ್ ಬಂದು ಶಾಲೆ, ಡಾಕ್ಟರ ಭೇಟಿ, ನಿರುದ್ಯೋಗ ಭತ್ಯೆಯ ಅರ್ಜಿ ಎಲ್ಲವೂ ಆನ್‌ಲೈನ್ ಆದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಅದೇ ವರ್ಷ ಸಿಟಿ ಕೌನ್ಸಿಲ್ ‘ಇಂಟರ್ನೆಟ್ ಫಾರ್ ಆಲ್’ ಅನ್ನುವ ನಿರ್ಣಯ ಪಾಸು ಮಾಡಿತು. ನಾನು ಈ ಕೆಲಸಕ್ಕೆ ಬಂದಿದ್ದು ಅದರ ನಂತರ.

ಸಿಯಾಟಲ್‌ನಲ್ಲಿ ಕಮ್ಯುನಿಟಿ ಟೆಕ್ನಾಲಜಿ ಅಡ್ವೈಸರಿ ಬೋರ್ಡ್ ಅಂತ ಒಂದು ಸಲಹಾ ಮಂಡಳಿ ಇದೆ. ಎಲ್ಲರೂ ಸಿಟ್ಯಾಬ್ ಅಂತಲೇ ಕರೆಯುತ್ತಾರೆ. ಮೇಯರ್ ಮತ್ತು ಕೌನ್ಸಿಲ್‌ಗೆ ತಂತ್ರಜ್ಞಾನದ ವಿಷಯದಲ್ಲಿ ಸಲಹೆ ಕೊಡುವುದು ಅದರ ಕೆಲಸ. ಸದಸ್ಯರೆಲ್ಲ ಸಾಮಾನ್ಯ ನಾಗರಿಕರು, ಸಂಬಳ ಇಲ್ಲ. ಖರ್ಚು ಮಾಡುವ ಅಧಿಕಾರವೂ ಇಲ್ಲ. ಇದರ ಸಮಿತಿಗಳ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಮಾತಾಡಬಹುದು, ಕೆಲಸಕ್ಕೆ ಕೈ ಜೋಡಿಸಬಹುದು. ನಾನು ಹಾಗೇ ಹೋದವನು. ನೆಟ್‌ವರ್ಕ್ ಇಂಜಿನಿಯರ್ ಆದ್ದರಿಂದ ಕೇಬಲ್, ಫೈಬರ್, ಸ್ಪೀಡ್ ಇವೇ ಮಾತು ಇರುತ್ತದೆ ಅಂದುಕೊಂಡೇ ಹೋಗಿದ್ದೆ.

ಆ ಮಾತೂ ಇತ್ತು, ಹಳಬರು ಹೇಳುತ್ತಿದ್ದರು. ಇಡೀ ಊರಿಗೆ ಸಿಟಿಯೇ ಫೈಬರ್ ಎಳೆದರೆ ಎಷ್ಟಾಗುತ್ತದೆ ಅಂತ 2015ರಲ್ಲಿ ಅಧ್ಯಯನ ಮಾಡಿಸಿದ್ದರು. 48 ಕೋಟಿಯಿಂದ 66 ಕೋಟಿ 50 ಲಕ್ಷ ಡಾಲರ್ ಅಂತ ಲೆಕ್ಕ ಬಂತು. ಮುಂದೆ ಹೋಗಲಿಲ್ಲ. ಅದಕ್ಕಿಂತ ನನಗೆ ಪಾಠದ ಹಾಗೆ ಕಂಡಿದ್ದು ಬೀಕನ್ ಹಿಲ್ ಕಥೆ. ಅದು ಊರೊಳಗೇ ಇರುವ ಬಡಾವಣೆ, ಆದರೂ ವರ್ಷಗಟ್ಟಲೆ ಅಲ್ಲಿ ಸರಿಯಾದ ಇಂಟರ್ನೆಟ್ ಸಿಗುತ್ತಿರಲಿಲ್ಲ. ಒಂದು ಕಾರಣ ಸಿಟಿಯದೇ ಒಂದು ನಿಯಮ. ರಸ್ತೆ ಬದಿ ಇಂಟರ್ನೆಟ್ ಉಪಕರಣದ ಪೆಟ್ಟಿಗೆ (ಕ್ಯಾಬಿನೆಟ್) ಇಡಬೇಕಾದರೆ ಸುತ್ತ 100 ಅಡಿಯೊಳಗಿನ ಆಸ್ತಿ ಮಾಲೀಕರಲ್ಲಿ 60% ಜನ ಒಪ್ಪಬೇಕಿತ್ತು. ಉತ್ತರ ಕೊಡದೆ ಸುಮ್ನೆ ಇದ್ದವರನ್ನೂ ಬೇಡ ಅಂದವರ ಲೆಕ್ಕಕ್ಕೇ ಹಾಕುತ್ತಿದ್ದರು. ಅಲ್ಲಿನ ನಿವಾಸಿಗಳು ಕೂಗಾಡಿ, ಸಭೆಗಳಿಗೆ ಹೋಗಿ, ಕೊನೆಗೆ 2014ರಲ್ಲಿ ಕೌನ್ಸಿಲ್ ಅದನ್ನು ಬದಲಿಸಿತು. ತಂತಿ ಎಳೆಯಲು ಅಡ್ಡ ನಿಂತಿದ್ದು ಒಂದು ಸಾಲಿನ ನಿಯಮ. ಹೀಗಾಗಿ ನಮ್ಮಂಥ ಗುಂಪು ಮೊದಲು ಹುಡುಕಬೇಕಾದ್ದು ಸಿಟಿಯ ಕೈಯಲ್ಲೇ ಇರುವ, ದುಡ್ಡಿಲ್ಲದೆ ಬದಲಿಸಬಹುದಾದ ಇಂಥ ಸಂಗತಿಗಳನ್ನು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಾನು ಬರುವ ಹೊತ್ತಿಗೆ ತಂತಿ ಬಹುಪಾಲು ರಸ್ತೆಗಳಿಗೆ ಬಂದಿತ್ತು. ಮನೆಯೊಳಗೆ ಮಾತ್ರ ಹೋಗಿರಲಿಲ್ಲ. ಆಗ ಕೇಂದ್ರ ಸರ್ಕಾರದ ಅಫೋರ್ಡಬಲ್ ಕನೆಕ್ಟಿವಿಟಿ ಪ್ರೋಗ್ರಾಂ, ಎಲ್ಲರ ಬಾಯಲ್ಲಿ ಎಸಿಪಿ, ಹೊಸದಾಗಿ ಶುರುವಾಗಿತ್ತು. ಅರ್ಹ ಕುಟುಂಬಕ್ಕೆ ಇಂಟರ್ನೆಟ್ ಬಿಲ್‌ನಲ್ಲಿ ತಿಂಗಳಿಗೆ 30 ಡಾಲರ್ ಕಡಿತ. ಕಡಿಮೆ ಬೆಲೆಯ ಪ್ಲಾನ್ ತಗೊಂಡರೆ ಬಿಲ್ಲೇ ಇಲ್ಲ. ಆದಾಯ ಬಡತನ ರೇಖೆಯ ಎರಡು ಪಟ್ಟಿನೊಳಗಿದ್ದರೆ ಅಥವಾ ಮೆಡಿಕೇಯ್ಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ), ಆಹಾರ ನೆರವು ಪಡೆಯುತ್ತಿದ್ದರೆ ಸಾಕಿತ್ತು. ಇಷ್ಟು ಸುಲಭ ಇದ್ದರೂ ಎಷ್ಟೋ ಅರ್ಹ ಮನೆಗಳು ಸೇರಿರಲಿಲ್ಲ. ಯಾಕೆ ಅಂತ ತಿಳಿಯಲು ಜನರ ಪಕ್ಕದಲ್ಲಿ ಕೂತು ಫಾರ್ಮ್ ತುಂಬಿಸಲು ಹೊರಟೆವು.

ಊರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿ ಹಾಲ್. ಎರಡು ಮೇಜು, ಮೂರ್ನಾಲ್ಕು ಲ್ಯಾಪ್‌ಟಾಪ್, ಒಬ್ಬರು ಸೊಮಾಲಿ ಬಲ್ಲವರು, ಒಬ್ಬರು ಅಮ್ಹಾರಿಕ್ ಬಲ್ಲವರು. ಇಥಿಯೋಪಿಯಾ ಕಡೆಯ ಅಜ್ಜಿಯೊಬ್ಬರು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದರು. ಮೆಡಿಕೇಯ್ಡ್ ಕಾಗದ, ಗುರುತಿನ ಚೀಟಿ, ಎಲ್ಲ ಸರಿ. ಆದರೂ ಅರ್ಜಿ ವಿಳಾಸದ ಹತ್ತಿರ ನಿಂತುಬಿಟ್ಟಿತು. ಗುರುತಿನ ಚೀಟಿಯಲ್ಲಿ ಕಟ್ಟಡದ ನಂಬರ್ ಇತ್ತು, ಮನೆ ನಂಬರ್ ಇರಲಿಲ್ಲ. ಅದೇ ಕಟ್ಟಡದ ಇನ್ನೊಂದು ಕುಟುಂಬ ಆಗಲೇ ಸೇರಿದ್ದರಿಂದ, ಈ ವಿಳಾಸಕ್ಕೆ ಒಮ್ಮೆ ಕೊಟ್ಟಾಗಿದೆ ಅಂತ ಕಂಪ್ಯೂಟರ್ ತಿಳಿದಿತ್ತು. ನಾವು ಬೇರೆ ಕುಟುಂಬ, ಬೇರೆ ಖರ್ಚು ಅಂತ ಹೇಳಲು ಇನ್ನೊಂದು ಫಾರ್ಮ್ ಇತ್ತು. ಅದನ್ನು ತುಂಬಿ ಕಳಿಸಿದೆವು, ಕೆಲಸ ಆಯಿತು. ಆ ಫಾರ್ಮ್ ಇದೆ ಅಂತ ಅಜ್ಜಿಗೆ ಒಬ್ಬರೇ ಕೂತಿದ್ದರೆ ಹೇಗೆ ಗೊತ್ತಾಗಬೇಕು?

ಇನ್ನೊಂದು ದೊಡ್ಡ ತೊಡಕು, ಇದು ಎರಡು ಹಂತದ ಕೆಲಸವಾಗಿತ್ತು. ಸರ್ಕಾರದಿಂದ ನೀವು ಅರ್ಹರು ಅಂತ ಬಂದ ಮೇಲೆ, ಇಂಟರ್ನೆಟ್ ಕಂಪನಿಗೆ ಬೇರೆಯಾಗಿ ಹೇಳಿ ಕಡಿತವನ್ನು ಬಿಲ್‌ಗೆ ಹಚ್ಚಿಸಿಕೊಳ್ಳಬೇಕಿತ್ತು. ತುಂಬಾ ಜನ ಮೊದಲ ಹಂತ ಮುಗಿಸಿ, ಆಯ್ತು ಅಂದುಕೊಂಡು ಮನೆಗೆ ಹೋಗಿ, ತಿಂಗಳ ಕೊನೆಗೆ ಪೂರ್ತಿ ಬಿಲ್ ಬಂದಾಗ ಮೋಸ ಅಂತ ಬಿಟ್ಟುಬಿಟ್ಟಿದ್ದರು. ಹಾಗಾಗಿ ನಾವು ಫಾರ್ಮ್ ಮುಗಿದ ತಕ್ಷಣ ಅಲ್ಲೇ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಮಾಡಿಸುತ್ತಿದ್ದೆವು. ಒಂದು ಕಂಪನಿಯ ಸಿಬ್ಬಂದಿ ಅಂಥ ಕಡಿಮೆ ಬೆಲೆಯ ಪ್ಲಾನೇ ಇಲ್ಲ ಅಂದುಬಿಟ್ಟರು. ಅವರದೇ ಪ್ಲಾನಿನ ಹೆಸರು ಓದಿ ಹೇಳಿದ ಮೇಲೆ ಮೇಲಿನವರನ್ನು ಕೇಳಿ ಬಂದು ಕೊಟ್ಟರು. ಅಲ್ಲಿ ಕೂತಿದ್ದ ಹೆಂಗಸಿಗೆ ಈ ವಾದ ಮಾಡುವಷ್ಟು ಇಂಗ್ಲಿಷ್ ಇರಲಿಲ್ಲ. ನನಗೆ ಸಿಟ್ಟು ಬಂದಿದ್ದು ನಿಜ.

ನಮ್ಮ ಕಡೆ ಬೆಂಗಳೂರು ಒನ್‌ಗೆ ಹೋದರೆ ಕೌಂಟರಿನಲ್ಲಿ ಒಬ್ಬರು ಕೂತು ಕೆಲಸ ಮುಗಿಸಿ ರಸೀದಿ ಕೊಡುತ್ತಾರೆ. ಇಲ್ಲಿ ಬೇಕಾಗಿದ್ದು ಅಂಥ ಒಬ್ಬ ಮನುಷ್ಯ. ಇಲ್ಲಿ ಅವರನ್ನು ಡಿಜಿಟಲ್ ನ್ಯಾವಿಗೇಟರ್ ಅನ್ನುತ್ತಾರೆ. ಕನೆಕ್ಷನ್ ಕೊಡಿಸುವುದು, ಕಂಪ್ಯೂಟರ್ ಹುಡುಕಿಕೊಡುವುದು, ಇ-ಮೇಲ್ ಕಲಿಸುವುದು, ಮೂರನ್ನೂ ಒಬ್ಬರೇ, ಜನರ ಭಾಷೆಯಲ್ಲೇ ಮಾಡುತ್ತಾರೆ. ನಾವು ಮಂಡಳಿಗೆ ಒಯ್ದ ಮುಖ್ಯ ಮಾತು ಇದೇ ಆಗಿತ್ತು: ಇನ್ನೊಂದು ಜಾಹೀರಾತು ಫಲಕಕ್ಕೆ ದುಡ್ಡು ಹಾಕುವ ಮೊದಲು ಬಡಾವಣೆಯ ಸಂಸ್ಥೆಗಳಲ್ಲಿ ಇಂಥವರನ್ನು ಸಂಬಳ ಕೊಟ್ಟು ಇಡಿ. ಸಿಟಿಯ ಟೆಕ್ನಾಲಜಿ ಮ್ಯಾಚಿಂಗ್ ಫಂಡ್ 1997ರಿಂದಲೂ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಕೊಡುತ್ತಾ ಬಂದಿದೆ, ಸಂಸ್ಥೆಗಳು ತಮ್ಮ ಪಾಲಿನ ಹಣವನ್ನೋ ಸ್ವಯಂಸೇವಕರ ಸಮಯವನ್ನೋ ಜೊತೆಗೆ ಹಾಕಬೇಕು. ಹೊಸ ಯೋಜನೆ ಕಟ್ಟುವ ಬದಲು ಈ ದಾರಿಯಲ್ಲೇ ಕೇಳುವುದು ಸುಲಭ.

ಸಲಹೆ ಬರೆಯುವುದರ ಬಗ್ಗೆ ಎರಡು ಮಾತು, ಬೇರೆ ಊರಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ. ಇಲ್ಲಿ ಮೇಯರ್ ಬಜೆಟ್ ಪ್ರಸ್ತಾಪ ಸೆಪ್ಟೆಂಬರ್ ಕೊನೆಗೆ ಬರುತ್ತದೆ, ಕೌನ್ಸಿಲ್ ನವೆಂಬರ್‌ನಲ್ಲಿ ಮುಗಿಸುತ್ತದೆ. ಅಕ್ಟೋಬರ್‌ನಲ್ಲಿ ಪತ್ರ ಬರೆದರೆ ಆಗಲೇ ಹಂಚಿದ ದುಡ್ಡನ್ನು ಇನ್ನೊಬ್ಬರಿಂದ ಕಿತ್ತು ಕೊಡಿ ಅಂದ ಹಾಗಾಗುತ್ತದೆ. ಇಲಾಖೆಗಳು ತಮ್ಮ ಪಟ್ಟಿ ಮಾಡುವಾಗಲೇ, ಬೇಸಿಗೆಗೂ ಮುಂಚೆ, ಪತ್ರ ತಲುಪಬೇಕು. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ, ಅದನ್ನು ಯಾವ ಇಲಾಖೆ ಮಾಡಬಹುದು ಅಂತಲೂ ಬರೆಯಿರಿ. ಮೇಜಿನ ಪಕ್ಕ ಕೂತಾಗ ಕಂಡಿದ್ದನ್ನು, ಹೆಸರು ಬಿಟ್ಟು, ನಡೆದ ಹಾಗೇ ಬರೆಯಿರಿ. ವಿಳಾಸದ ತೊಡಕನ್ನು ವಿವರಿಸಿದ ಪುಟವನ್ನು ಅಧಿಕಾರಿಗಳು ಓದಿ ಪ್ರಶ್ನೆ ಕೇಳಿದರು. ಅಂಕಿಅಂಶದ ಪುಟದ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಎಸಿಪಿ ಉಳಿಯಲಿಲ್ಲ. ದೇಶದಾದ್ಯಂತ ಸುಮಾರು 2 ಕೋಟಿ 30 ಲಕ್ಷ ಕುಟುಂಬಗಳು ಸೇರಿದ್ದವು. 2024ರ ಫೆಬ್ರವರಿಯಲ್ಲಿ ಹೊಸ ಅರ್ಜಿ ನಿಲ್ಲಿಸಿದರು, ಜೂನ್ 1ಕ್ಕೆ ಎಲ್ಲ ಮುಗಿಯಿತು, ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಮತ್ತೆ ದುಡ್ಡು ಕೊಡಲಿಲ್ಲ. ನಾವೇ ಸೇರಿಸಿದ್ದ ಮನೆಗಳಿಗೆ ನಾವೇ ಹೋಗಿ ಇನ್ನು ಕಡಿತ ಇರುವುದಿಲ್ಲ ಅಂತ ಹೇಳಬೇಕಾಯಿತು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಬೇಸರವಾಗಿದ್ದು ಅದು. ಮರುವರ್ಷ ಮೇ ತಿಂಗಳಲ್ಲಿ ಡಿಜಿಟಲ್ ಈಕ್ವಿಟಿ ಅನುದಾನಗಳನ್ನೂ, ಅಂದರೆ ಇಂಟರ್ನೆಟ್ಟಿನಿಂದ ದೂರ ಉಳಿದವರನ್ನು ಸೇರಿಸಿಕೊಳ್ಳಲು ಕೊಡುವ ಹಣವನ್ನೂ, ಕೇಂದ್ರ ರದ್ದು ಮಾಡಿತು.

ಈಗ ಅದೇ ಮೇಜಿನಲ್ಲಿ ಕೂತು ಒಬ್ಬೊಬ್ಬರ ಬಿಲ್ ತೆಗೆದು ನೋಡುತ್ತೇವೆ. ಕಂಪನಿಗಳ ಕಡಿಮೆ ಬೆಲೆಯ ಪ್ಲಾನ್‌ಗೆ ಬದಲಾಯಿಸುತ್ತೇವೆ. ಬಾಡಿಗೆ ರೌಟರ್ ಇದ್ದರೆ ವಾಪಸ್ ಕೊಡಿಸಿ ಆ ದುಡ್ಡು ಉಳಿಸುತ್ತೇವೆ. ಯಾವುದೂ ಆಗದಿದ್ದರೆ ಸಿಯಾಟಲ್ ಪಬ್ಲಿಕ್ ಲೈಬ್ರರಿಯ ಹಾಟ್‌ಸ್ಪಾಟ್ (ವೈಫೈ ಕೊಡುವ ಪುಟ್ಟ ಸಾಧನ) ಇದೆ, ಪುಸ್ತಕದ ಥರ 21 ದಿನಕ್ಕೆ ಎರವಲು ಸಿಗುತ್ತದೆ, ಸರತಿ ಮಾತ್ರ ಉದ್ದ. ಈ ಊರಿನಲ್ಲಿ ನಮ್ಮ ಕನ್ನಡದವರು ಸಾಕಷ್ಟಿದ್ದಾರೆ, ಹೆಚ್ಚಿನವರು ಈ ಯಂತ್ರಗಳ ಜೊತೆಗೇ ದಿನ ಕಳೆಯುವವರು. ಸಮಿತಿ ಸಭೆಗಳಿಗೆ ಆನ್‌ಲೈನ್‌ನಲ್ಲೂ ಸೇರಬಹುದು. ಶನಿವಾರ ಒಂದೆರಡು ಗಂಟೆ ಬಿಡುವಿದ್ದರೆ ಮೇಜಿಗೂ ಬನ್ನಿ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ, ಆ ಹಾಲ್‌ಗಳಲ್ಲಿ ಪ್ಲಗ್ ಕಡಿಮೆ.