ಒಂದೇ ಎಳೆ ಹಿಡಿದು ಇನ್ನೂರೈವತ್ತು ವರ್ಷದ ಸಂಗೀತ ಕೇಳಿದ್ದು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹೊಸಬರಾದವರ ಕೈಗೆ ಮೊದಲು ಸಿಗುವುದು ಒಂದು ಪಟ್ಟಿ. 1600ರಿಂದ 1750ರವರೆಗೆ ಬರೋಕ್, ಅಲ್ಲಿಂದ ಸುಮಾರು 1820ರವರೆಗೆ ಕ್ಲಾಸಿಕಲ್, ಆಮೇಲೆ 1900ರ ಆಸುಪಾಸಿನವರೆಗೆ ರೊಮ್ಯಾಂಟಿಕ್, ಅದಾದ ಮೇಲೆ ಇಪ್ಪತ್ತನೇ ಶತಮಾನ. ಒಂದೊಂದು ಕಾಲಕ್ಕೆ ನಾಲ್ಕಾರು ಹೆಸರು. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದರೆ ಕಿವಿಗೆ ಏನೂ ದಕ್ಕುವುದಿಲ್ಲ. ನಾನು ಬೇರೆ ದಾರಿ ಹಿಡಿದೆ. ವೇರಿಯೇಷನ್, ಅಂದರೆ ಒಂದೇ ಸಾಲನ್ನು ಮತ್ತೆ ಮತ್ತೆ ಹೊಸ ಬಗೆಯಲ್ಲಿ ನುಡಿಸುವುದು, ಈ ಒಂದೇ ಒಂದು ರೂಪವನ್ನು ಆರಿಸಿಕೊಂಡು, ಅದನ್ನೇ ಕಾಲದಿಂದ ಕಾಲಕ್ಕೆ ಹಿಂಬಾಲಿಸಿದೆ.

ಅದನ್ನೇ ಆರಿಸಲು ಕಾರಣ ಇದೆ. ನಾನು ವೀಣೆ ಕಲಿತವಳು. ಪಲ್ಲವಿಯ ಒಂದು ಸಾಲಿಗೆ ಒಂದಾದ ಮೇಲೊಂದು ಸಂಗತಿ ಹಾಕುತ್ತಾ ಹೋಗುವುದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಸಾಲು ಅದೇ, ಈ ಸಲ ಹೊಸದೇನು ಬಂತು ಅಂತ ಕಿವಿ ತಾನಾಗಿಯೇ ಹುಡುಕುತ್ತದೆ. ವೇರಿಯೇಷನ್ ಕೇಳಲು ಬೇಕಾದದ್ದೂ ಅದೇ ಕಿವಿ. ಸೊನಾಟಾ, ಫ್ಯೂಗ್‌ನಂಥ ಬೇರೆ ರೂಪಗಳನ್ನು ಹಿಡಿಯಲು ಹೊಸದಾಗಿ ತುಂಬಾ ಕಲಿಯಬೇಕು. ಇದಕ್ಕೆ ಅರ್ಧ ತಯಾರಿ ನಮ್ಮಲ್ಲಿ ಮೊದಲೇ ಇದೆ.

ಕ್ರಮ ಸರಳ. ಮೂಲ ಸಾಲನ್ನು ಮೊದಲು ಸ್ವರ ಹಾಕಿ ಹಾಡುತ್ತೇನೆ. ಮನೆಯ ಚಿಕ್ಕ ಕೀಬೋರ್ಡಿನಲ್ಲಿ ನುಡಿಸುತ್ತೇನೆ. ಅದು ನಾಲಿಗೆಯ ಮೇಲೆ ಕೂತ ಮೇಲೆಯೇ ಇಡೀ ಕೃತಿ ಕೇಳುವುದು. ಹಳೆಯ ಕೃತಿಗಳ ಸ್ವರಲಿಪಿ ಐಎಂಎಸ್‌ಎಲ್‌ಪಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಲು ಬರದಿದ್ದರೂ ಬಾರ್ (ತಾಳದ ಸಣ್ಣ ಸುತ್ತು) ಎಣಿಸುವಷ್ಟು ಬಂದರೆ ಸಾಕು.

ಮೊದಲು ಹಿಡಿದದ್ದು ಇಂಗ್ಲೆಂಡಿನ ಹೆನ್ರಿ ಪರ್ಸೆಲ್. 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಡಿದ ಅವನ ಒಪೆರಾ 'ಡೈಡೋ ಅಂಡ್ ಈನಿಯಸ್'. ಅದರ ಕೊನೆಯಲ್ಲಿ ರಾಣಿ ಡೈಡೋ ಸಾಯುವ ಮೊದಲು ಒಂದು ಹಾಡು ಹಾಡುತ್ತಾಳೆ. ಅದರ ಕೆಳಗೆ ಐದು ಬಾರ್‌ಗಳ ಬಾಸ್ ಸಾಲೊಂದು (ಎಲ್ಲಕ್ಕಿಂತ ಕೆಳಗಿನ ಸ್ವರಗಳ ಸಾಲು) ಬದಲಾಗದೆ ಮತ್ತೆ ಮತ್ತೆ ಬರುತ್ತದೆ. ಮೇಲಿನ ಷಡ್ಜದಿಂದ ಶುರುವಾಗಿ ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ಎರಡೂ ನಿಷಾದ, ಎರಡೂ ಧೈವತ ಸಾಲಾಗಿ ಇಳಿಯುತ್ತವೆ. ನಮ್ಮ ಕಿವಿ ಒಂದು ಕ್ಷಣ ತಡಬಡಾಯಿಸುತ್ತದೆ, ಯಾಕಂದರೆ ಹೀಗೆ ಇಳಿಯುವುದು ನಮಗೆ ರೂಢಿ ಇಲ್ಲ. ಅದನ್ನು ಹಾಡಿ ಹಾಡಿ ಒಗ್ಗಿಸಿಕೊಂಡ ಮೇಲೆ ಡೈಡೋಳ ಹಾಡು ಕೇಳಿ. ಅವಳ ಸಾಲು ಬಾಸ್ ಮುಗಿಯುವ ಜಾಗದಲ್ಲಿ ನಿಲ್ಲುವುದೇ ಇಲ್ಲ, ಅದನ್ನು ದಾಟಿ ಮುಂದಿನ ಸುತ್ತಿನೊಳಕ್ಕೆ ಹೋಗುತ್ತದೆ. ಕೆಳಗೆ ವಿಧಿ ತನ್ನ ಪಾಡಿಗೆ ಸುತ್ತುತ್ತಿದೆ, ಮೇಲೆ ಒಬ್ಬ ಹೆಂಗಸು ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ. ನನಗೆ ಬರೋಕ್ ಅಂದರೆ ಏನು ಅಂತ ಗೊತ್ತಾದದ್ದು ಇಲ್ಲಿ. ಬುಡದಲ್ಲಿ ಬಾಸ್ ಗಟ್ಟಿ, ಉಳಿದದ್ದೆಲ್ಲ ಅದರ ಮೇಲೆ ಕಟ್ಟಿದ್ದು.

ಮದುವೆ ಹಾಲ್‌ಗಳಲ್ಲಿ ಕೇಳಿಸುವ ಪಾಖೆಲ್‌ಬೆಲ್‌ನ ಕ್ಯಾನನ್ ಕೂಡ ಇದೇ ಜಾತಿ. ಬಾಸ್ ಎಂಟೇ ಸ್ವರ: ಸ ಪ ದ ಗ ಮ ಸ ಮ ಪ. ಅದು 28 ಸಲ ಬರುತ್ತದೆ. ಶಂಕರಾಭರಣ ಗೊತ್ತಿದ್ದವರು ಐದು ನಿಮಿಷದಲ್ಲಿ ಕಲಿತುಬಿಡಬಹುದು.

ಅದೇ ಕಿವಿ ಹೊತ್ತು ಬಾಖ್‌ನ ಹತ್ತಿರ ಹೋದೆ. 1741ರಲ್ಲಿ ಅಚ್ಚಾದ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎರಡು ಸಾಲು ಕೀಗಳಿರುವ ಹಾರ್ಪ್ಸಿಕಾರ್ಡಿಗೆ ಬರೆದದ್ದು. ಮೊದಲು 32 ಬಾರ್‌ಗಳ ಒಂದು ಏರಿಯಾ (ಹಾಡಿನಂಥ ಮೂಲ ತುಣುಕು), ಆಮೇಲೆ 30 ವೇರಿಯೇಷನ್, ಕೊನೆಗೆ ಮತ್ತೆ ಅದೇ ಏರಿಯಾ. ಇಲ್ಲಿ ಹೆಚ್ಚಿನವರು ಏರಿಯಾದ ಮಧುರವಾದ ಧಾಟಿಯನ್ನು ನೆನಪಿಟ್ಟುಕೊಂಡು ಮುಂದೆ ಅದನ್ನೇ ಹುಡುಕುತ್ತಾರೆ. ಅದು ಸಿಗುವುದಿಲ್ಲ. ಬಾಖ್ ಉಳಿಸಿಕೊಳ್ಳುವುದು ಎಡಗೈಯ ಬಾಸ್ ಮತ್ತು ಅದರ ಜೊತೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳಾದ ಕಾರ್ಡ್‌ಗಳನ್ನು. ಮೊದಲ ಎಂಟು ಬಾರ್‌ಗಳ ಬಾಸ್ ಹೀಗಿದೆ: ಸ ನಿ ದ ಪ, ಗ ಮ ಪ ಸ. ಬಾರ್‌ಗೊಂದು ಸ್ವರ. ಇಷ್ಟು ಹಾಡಿಕೊಂಡು ಕೇಳಿದರೆ ಪ್ರತಿ ವೇರಿಯೇಷನ್ನಿನ ಶುರುವಿನಲ್ಲೂ ನೆಲ ಕಾಲಿಗೆ ಸಿಗುತ್ತದೆ. ಬಾಸ್ ಸ್ವರಗಳು ಒಮ್ಮೊಮ್ಮೆ ಬೇರೆ ಸ್ವರಗಳ ನಡುವೆ ಮುಚ್ಚಿಹೋಗಿರುತ್ತವೆ, ಆದರೂ ಅಲ್ಲೇ ಇರುತ್ತವೆ.

ಇನ್ನೊಂದು ಕಟ್ಟು ಇದೆ. ಪ್ರತಿ ಮೂರನೆಯ ವೇರಿಯೇಷನ್ ಒಂದು ಕ್ಯಾನನ್, ಅಂದರೆ ಒಂದು ಧ್ವನಿ ಶುರು ಮಾಡಿದ್ದನ್ನು ಇನ್ನೊಂದು ಧ್ವನಿ ಸ್ವಲ್ಪ ತಡವಾಗಿ ಅನುಸರಿಸುವುದು. ಮೂರನೆಯದರಲ್ಲಿ ಅದೇ ಸ್ವರದಲ್ಲಿ, ಆರನೆಯದರಲ್ಲಿ ಒಂದು ಮೆಟ್ಟಿಲು ಮೇಲೆ, ಒಂಬತ್ತನೆಯದರಲ್ಲಿ ಇನ್ನೊಂದು ಮೆಟ್ಟಿಲು ದೂರ. ಹೀಗೆ ಅಂತರ ಬೆಳೆಯುತ್ತಾ 27ರವರೆಗೆ ಹೋಗುತ್ತದೆ. ಇಷ್ಟು ಲೆಕ್ಕಾಚಾರದ ನಡುವೆ 25ನೆಯ ವೇರಿಯೇಷನ್ ಕೇಳಿ. ಮೈನರ್‌ನಲ್ಲಿ (ಸಾಧಾರಣ ಗಾಂಧಾರದ ಸ್ವರಶ್ರೇಣಿಯಲ್ಲಿ), ತುಂಬಾ ನಿಧಾನ, ಎದೆ ಹಿಂಡುವಂಥದ್ದು. ಬಾಖ್ ಬರೀ ಗಣಿತ ಅನ್ನುವವರಿಗೆ ನಾನು ಇದನ್ನು ಕೇಳಿಸುತ್ತೇನೆ. ಗ್ಲೆನ್ ಗೌಲ್ಡ್ 1955ರಲ್ಲಿ ಪಿಯಾನೋದಲ್ಲಿ ನುಡಿಸಿದ ಧ್ವನಿಮುದ್ರಣ ಸುಮಾರು 38 ನಿಮಿಷ, 1981ರದ್ದು ಸುಮಾರು 51. ಬಾಸ್ ಹಿಂಬಾಲಿಸುವವರಿಗೆ ಎರಡನೆಯದೇ ವಾಸಿ.

ಮೊಜಾರ್ಟ್‌ಗೆ ಬಂದಾಗ ಕಿವಿಯನ್ನು ಕೆಳಗಿನಿಂದ ಮೇಲಕ್ಕೆ ತರಬೇಕು. ಒಂದು ಫ್ರೆಂಚ್ ಹಾಡಿನ ಮೇಲೆ ಅವನು ಹನ್ನೆರಡು ವೇರಿಯೇಷನ್ ಬರೆದಿದ್ದಾನೆ. ನಮ್ಮ ಮಕ್ಕಳ 'ಟ್ವಿಂಕಲ್ ಟ್ವಿಂಕಲ್' ಧಾಟಿಯೇ ಅದು, ಹಾಗಾಗಿ ಮೂಲ ಸಾಲು ಕಲಿಯುವ ಕೆಲಸವೇ ಇಲ್ಲ. ಮೊದಲನೆಯದರಲ್ಲಿ ಬಲಗೈ ಓಡುತ್ತದೆ, ಎರಡನೆಯದರಲ್ಲಿ ಎಡಗೈ. ಎಂಟನೆಯದು ಮೈನರ್, ಹನ್ನೊಂದನೆಯದು ನಿಧಾನ. ಧಾಟಿ ಮಾತ್ರ ಎಲ್ಲೂ ಕಳೆದುಹೋಗುವುದಿಲ್ಲ. ಕ್ಲಾಸಿಕಲ್ ಕಾಲದ ಈ ತಿಳಿತನ ನಮ್ಮ ಸಂಗತಿಗೆ ತುಂಬಾ ಹತ್ತಿರ. ಇಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಮಕ್ಕಳಿಗಂತೂ ಇದೇ ಸರಿ.

ಬೀಥೋವನ್ ಆ ತಿಳಿತನವನ್ನು ಉದ್ದೇಶಪೂರ್ವಕವಾಗಿ ಮುರಿಯುತ್ತಾನೆ. 1819ರಲ್ಲಿ ವಿಯೆನ್ನಾದ ಪ್ರಕಾಶಕ ಆಂಟನ್ ಡಯಬೆಲ್ಲಿ ತಾನೇ ಬರೆದ ಒಂದು ವಾಲ್ಟ್ಸ್ ಅನ್ನು ಹಲವಾರು ಸಂಗೀತಗಾರರಿಗೆ ಕಳಿಸಿ, ತಲೆಗೊಂದು ವೇರಿಯೇಷನ್ ಕೇಳಿದ. ಬೀಥೋವನ್ ಬರೆದದ್ದು 33. ಅವು 1823ರಲ್ಲಿ ಅಚ್ಚಾದವು. ವಾಲ್ಟ್ಸ್ ಮೂರರ ನಡೆ. ಮೊದಲ ವೇರಿಯೇಷನ್ನಿನಲ್ಲೇ ಅವನು ಅದನ್ನು ನಾಲ್ಕರ ನಡೆಯ ಗಂಭೀರ ಮಾರ್ಚ್ ಮಾಡುತ್ತಾನೆ! ಧಾಟಿಯನ್ನು ಬಿಟ್ಟು ಅದರ ಒಂದೊಂದು ತುಣುಕನ್ನು ಹಿಡಿಯುತ್ತಾನೆ. ಶುರುವಿನ ಚಿಕ್ಕ ಕೊಂಕೊಂದು ಸಿಕ್ಕರೆ ಸಾಕು, ಅದರಿಂದಲೇ ಇಡೀ ವೇರಿಯೇಷನ್. 22ನೆಯದರಲ್ಲಿ ಮೊಜಾರ್ಟ್‌ನ 'ಡಾನ್ ಜೊವಾನಿ' ಒಪೆರಾದ ಹಾಡೊಂದು ಹಾದುಹೋಗುತ್ತದೆ. 32ನೆಯದು ಅಬ್ಬರದ ಫ್ಯೂಗ್, ಕೊನೆಯದು ಮೆಲು ನಡೆಯ ಮಿನುಯೆಟ್. ಇಡೀ ಕೃತಿಯನ್ನು ಒಂದೇ ಸಲ ಕೇಳಬೇಡಿ. ನಾನು ನಾಲ್ಕೈದರ ಗುಂಪು ಮಾಡಿಕೊಂಡು, ಪ್ರತಿ ಗುಂಪಿಗೂ ಮೊದಲು ವಾಲ್ಟ್ಸ್ ಹಾಕಿ ಕೇಳಿದೆ. ಮೂಲ ಮರೆತರೆ ಇಲ್ಲಿ ದಾರಿ ತಪ್ಪುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿಯ ಕೊನೆಯ ಭಾಗ. 1885ರಲ್ಲಿ ಮೈನಿಂಗನ್ ಊರಿನಲ್ಲಿ ಮೊದಲು ನುಡಿಸಿದ್ದು. ರೊಮ್ಯಾಂಟಿಕ್ ಕಾಲದ ನಟ್ಟನಡುವೆ ನಿಂತು ಅವನು ಮತ್ತೆ ಬರೋಕ್ ಪದ್ಧತಿಗೆ ಹೋಗುತ್ತಾನೆ. ಬಾಖ್‌ನ ಒಂದು ಕ್ಯಾಂಟಾಟಾದ (ಹಾಡುಗಾರರಿಗೂ ವಾದ್ಯಗಳಿಗೂ ಬರೆದ ಕೃತಿ) ಸಾಲನ್ನು ತೆಗೆದುಕೊಂಡು, ಒಂದು ಸ್ವರ ಸೇರಿಸುತ್ತಾನೆ: ಸ ರಿ ಗ ಮ, ಮತ್ತೆ ಪ್ರತಿ ಮಧ್ಯಮ, ಪ, ಕೆಳಗಿನ ಪ, ಸ. ಎಂಟು ಬಾರ್, ಎಂಟು ಸ್ವರ. ಆ ಪ್ರತಿ ಮಧ್ಯಮವೇ ಬ್ರಾಮ್ಸ್ ಸೇರಿಸಿದ್ದು. ಅದನ್ನು ಬಿಟ್ಟು ಒಮ್ಮೆ, ಇಟ್ಟು ಒಮ್ಮೆ ಹಾಡಿ ನೋಡಿ, ಎಷ್ಟು ಬಿಗಿ ಬರುತ್ತದೆ ಅಂತ ಗೊತ್ತಾಗುತ್ತದೆ. ಮೂರು ಭಾಗಗಳಲ್ಲಿ ಸುಮ್ಮನಿದ್ದ ಟ್ರೊಂಬೋನ್‌ಗಳು ಇಲ್ಲಿ ಮೊದಲ ಸಲ ಬಾಯಿ ತೆರೆಯುತ್ತವೆ. ಆಮೇಲೆ 30 ವೇರಿಯೇಷನ್. ಹನ್ನೆರಡನೆಯದರಲ್ಲಿ ಇಡೀ ಆರ್ಕೆಸ್ಟ್ರಾ ಹಿಂದೆ ಸರಿದು ಕೊಳಲೊಂದೇ ಹಾಡುತ್ತದೆ. ಹದಿನಾರನೆಯದರಲ್ಲಿ ಮೂಲ ಸಾಲು ಮೊದಲಿನಂತೆಯೇ ಅಪ್ಪಳಿಸುತ್ತದೆ. ಬೆರಳು ಮಡಚಿ ಎಂಟೆಂಟು ಬಾರ್ ಎಣಿಸುತ್ತಾ ಕೇಳಿದರೆ ಈ ಇಡೀ ಕಟ್ಟಡ ಕಣ್ಣಿಗೆ ಕಾಣುತ್ತದೆ.

ಇಷ್ಟಾದ ಮೇಲೆ ಆ ಪಟ್ಟಿಯ ಇಸವಿಗಳನ್ನು ನಾನು ಸಡಿಲವಾಗಿ ಹಿಡಿಯಲು ಕಲಿತೆ. 1934ರಲ್ಲಿ ರಾಖ್ಮನಿನಾಫ್ ಪಗನೀನಿಯ ಧಾಟಿಯ ಮೇಲೆ 24 ವೇರಿಯೇಷನ್ ಬರೆದ. ಹದಿನೆಂಟನೆಯದರಲ್ಲಿ ಧಾಟಿಯನ್ನು ತಲೆಕೆಳಗು ಮಾಡಿದ್ದಾನೆ. ಏರುವ ಕಡೆ ಇಳಿತ, ಇಳಿಯುವ ಕಡೆ ಏರು. ಕೇಳಿದರೆ ಪಕ್ಕಾ ರೊಮ್ಯಾಂಟಿಕ್. ಎರಡೇ ವರ್ಷದ ನಂತರ, 1936ರಲ್ಲಿ, ವೆಬರ್ನ್ ತನ್ನ ಪಿಯಾನೋ ವೇರಿಯೇಷನ್ಸ್ ಬರೆದ. ಅಲ್ಲಿ ಹಾಡಿಕೊಳ್ಳಲು ಧಾಟಿಯೇ ಇಲ್ಲ. ಹನ್ನೆರಡು ಸ್ವರಗಳ ಒಂದು ಸಾಲು, ಅದರ ಹಿಮ್ಮುಖ, ಅದರ ಪ್ರತಿಬಿಂಬ, ನಡುನಡುವೆ ಮೌನ. ನನ್ನ 'ಹಾಡಿ ಕೇಳುವ' ಕ್ರಮ ಇಲ್ಲಿ ನಡೆಯಲಿಲ್ಲ. ಸ್ವರಗಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕನ್ನಡಿ ಹಿಡಿದಂತೆ ಉತ್ತರ ಕೊಡುವುದನ್ನು ಸ್ವರಲಿಪಿ ಮುಂದಿಟ್ಟುಕೊಂಡು ಕಣ್ಣಿನಿಂದ ಹಿಂಬಾಲಿಸಿದೆ. ಚಿಕ್ಕ ಕೃತಿ, ಮತ್ತೆ ಮತ್ತೆ ಕೇಳಬಹುದು.

ಈಗ ಹೈಡನ್ ಮೂಲಕ ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಕಾಲಿಟ್ಟಿದ್ದೇನೆ. ಅದಕ್ಕೂ ಬಾಗಿಲು ವೇರಿಯೇಷನ್ನೇ. ಓಪಸ್ 76ರ ಮೂರನೆಯ ಕ್ವಾರ್ಟೆಟ್‌ನ ಎರಡನೆಯ ಭಾಗದಲ್ಲಿ, ಇವತ್ತು ಜರ್ಮನಿಯ ರಾಷ್ಟ್ರಗೀತೆಯಾಗಿರುವ ಧಾಟಿ ಒಂದಿಷ್ಟೂ ಬದಲಾಗದೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ವೇರಿಯೇಷನ್‌ಗಳಲ್ಲಿ ಮೊದಲು ಎರಡನೆಯ ವಯಲಿನ್, ಆಮೇಲೆ ಚೆಲ್ಲೋ, ಆಮೇಲೆ ವಿಯೋಲಾ, ಕೊನೆಗೆ ಮೊದಲನೆಯ ವಯಲಿನ್. ಸುತ್ತಲಿನವರು ಹೇಳುವುದು ಮಾತ್ರ ಪ್ರತಿ ಸಲ ಬೇರೆ. ನಾಲ್ಕು ವಾದ್ಯಗಳನ್ನು ಬಿಡಿಬಿಡಿಯಾಗಿ ಕೇಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.